ವಜ್ರದ ಪೊರೆ ಬಿಡಿಸುವ ಬಗೆ

1940ರ ದಶಕದ ಮೊದಲ ವರ್ಷಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿದ್ದ ಅನ್ನಾ ಮಣಿ ವಜ್ರಗಳ ಹೊಳಪನ್ನು ಅಳೆಯುತ್ತಿದ್ದರು. ದ್ರವ ಗಾಳಿಯ ಕಡು ಚಳಿಯಲ್ಲಿಟ್ಟ ಹರಳಿನ ಮೇಲೆ ಬೆಳಕು ಬಿಡುವುದು, ಹರಳು ತಾನಾಗಿ ಸೂಸುವ ಮಂದ ಬೆಳಕನ್ನು ಛಾಯಾಚಿತ್ರದ ಗಾಜಿನ ಫಲಕದ ಮೇಲೆ ಹಿಡಿಯುವುದು. ಒಂದು ರೋಹಿತ ಮೂಡಲು ಹದಿನೈದರಿಂದ ಇಪ್ಪತ್ತು ಗಂಟೆ ಬೇಕಾಗುತ್ತಿತ್ತು. ಹಗಲು ಮುಗಿದು ರಾತ್ರಿಯೂ ಅಲ್ಲೇ ಕಳೆಯುತ್ತಿತ್ತು. ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಹೀಗೆ ಅಧ್ಯಯನ ಮಾಡಿ ಅವರು ಪ್ರಬಂಧಗಳನ್ನು ಪ್ರಕಟಿಸಿದರು. ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣಕ್ಕೆ ಪಿಎಚ್‌ಡಿ ಮಾತ್ರ ಸಿಗಲಿಲ್ಲ. ಆ ನಿರಾಕರಣೆಯ ಬಗ್ಗೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರು ಕಣ್ಣಿಟ್ಟಿದ್ದ ಆ ಮಂದ ಬೆಳಕಿನ ಬೆನ್ನು ಹತ್ತಿಯೇ ಇಂದು ಜಗತ್ತಿನ ಹಲವು ಪ್ರಯೋಗಾಲಯಗಳು ವಜ್ರವನ್ನು ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಪೊರೆಯಾಗಿ ಬಿಡಿಸುತ್ತಿವೆ.

ಶುದ್ಧ ಇಂಗಾಲದ ಅಚ್ಚುಕಟ್ಟಾದ ಜೋಡಣೆಗೆ ನಮಗೆ ಕಾಣುವ ಬಣ್ಣದ ಹೊಳಪು ಇರುವುದಿಲ್ಲ. ಹೊಳೆಯುವುದು ಆ ಜೋಡಣೆಯೊಳಗಿನ ಊನ. ಇಂಗಾಲದ ಒಂದು ಪರಮಾಣುವಿನ ಜಾಗದಲ್ಲಿ ನೈಟ್ರೋಜನ್ ಕುಳಿತು, ಅದರ ಪಕ್ಕದ ಸ್ಥಾನ ಖಾಲಿ ಉಳಿದರೆ, ಆ ಜೋಡಿ ಹಸಿರು ಬೆಳಕನ್ನು ನುಂಗಿ ಕೆಂಪು ಬೆಳಕನ್ನು ಹೊರಬಿಡುತ್ತದೆ. ಇದಕ್ಕೆ ‘ನೈಟ್ರೋಜನ್–ಖಾಲಿ ಕೇಂದ್ರ’ ಎಂದು ಹೆಸರು. ಈ ಕೇಂದ್ರದ ಎಲೆಕ್ಟ್ರಾನುಗಳ ಗಿರಕಿ (ಸ್ಪಿನ್) ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಹೊರಬರುವ ಕೆಂಪು ಬೆಳಕಿನ ಏರಿಳಿತವೇ ಹೇಳಿಬಿಡುತ್ತದೆ, ಅದೂ ಕೋಣೆಯ ಉಷ್ಣತೆಯಲ್ಲಿ. ಅತಿ ಸಣ್ಣ ಕಾಂತಕ್ಷೇತ್ರವನ್ನು ಅಳೆಯುವ ಸಂವೇದಕವಾಗಿಯೂ, ಕ್ವಾಂಟಮ್ ಮಾಹಿತಿಯನ್ನು ಹಿಡಿದಿಡುವ ಸ್ಮೃತಿಯಾಗಿಯೂ ಅದು ಒದಗುತ್ತದೆ. 2015ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ನಗರದಲ್ಲಿ ಒಂದಕ್ಕೊಂದು 1.3 ಕಿಲೋಮೀಟರ್ ದೂರದಲ್ಲಿದ್ದ ಎರಡು ವಜ್ರಗಳೊಳಗಿನ ಇಂಥ ಕೇಂದ್ರಗಳನ್ನು ಬೆಳಕಿನ ಮೂಲಕ ಹೆಣೆದು, ಕ್ವಾಂಟಮ್ ಸಿದ್ಧಾಂತದ ಬಹುಕಾಲದ ಪರೀಕ್ಷೆಯೊಂದನ್ನು ಪಾರು ಮಾಡಿದರು.

ಆದರೆ ವಜ್ರ ಬೆಳಕನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದರ ವಕ್ರೀಭವನಾಂಕ 2.4. ಹರಳಿನ ಒಳಗಿಂದ ಹೊರಟ ಕಿರಣ ಮೇಲ್ಮೈಗೆ ಸುಮಾರು 25 ಡಿಗ್ರಿಗಿಂತ ಹೆಚ್ಚು ಓರೆಯಾಗಿ ತಾಗಿದರೆ ಹೊರಗೆ ಬಾರದೆ ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಸೂರತ್ತಿನ ಕುಶಲಿಗಳು ವಜ್ರಕ್ಕೆ ಮುಖಗಳನ್ನು ಕೊಡುವಾಗ ಬಳಸಿಕೊಳ್ಳುವುದು ಇದೇ ಗುಣವನ್ನು: ಮೇಲಿಂದ ಹೊಕ್ಕ ಬೆಳಕು ಒಳಗೆಲ್ಲ ಅಲೆದು ಮತ್ತೆ ಮೇಲಿಂದಲೇ ಚಿಮ್ಮಬೇಕು. ಆಭರಣಕ್ಕೆ ಅದು ಶೋಭೆ. ಹರಳಿನ ಒಳಗೆ ಕುಳಿತ ಒಂದೇ ಒಂದು ಊನದ ಬೆಳಕನ್ನು ಹಿಡಿಯಲು ಹೊರಟವರಿಗೆ ಮಾತ್ರ ಅದು ದೊಡ್ಡ ಅಡ್ಡಿ. ಚಪ್ಪಟೆ ವಜ್ರದ ಒಂದು ಮುಖದಿಂದ ಹೊರಬರುವುದು ನೂರರಲ್ಲಿ ಐದು ಪಾಲೂ ಇಲ್ಲ. ಹಾಗೆ ಬಂದದ್ದರಲ್ಲಿಯೂ ಕ್ವಾಂಟಮ್ ಕೆಲಸಕ್ಕೆ ಬೇಕಾದ, ಹರಳಿನ ಪರಮಾಣುಗಳ ಅಲುಗಾಟದ ಸೋಂಕಿಲ್ಲದ 637 ನ್ಯಾನೊಮೀಟರ್ ಬೆಳಕಿನ ಪಾಲು ನೂರಕ್ಕೆ ಸುಮಾರು ಮೂರು.

ಪರಿಹಾರವೇನೋ ಗೊತ್ತಿತ್ತು. ಬೆಳಕಿನ ಅಲೆಯುದ್ದಕ್ಕೆ ಸರಿಸಾಟಿಯಾದ ತೆಳುವಿಗೆ ವಜ್ರವನ್ನು ಇಳಿಸಿದರೆ ಬೆಳಕಿಗೆ ಮೇಲಕ್ಕೂ ಕೆಳಕ್ಕೂ ಹರಡಲು ಎಡೆಯಿಲ್ಲ. ಕಾಲುವೆಯ ನೀರಿನಂತೆ ಅದು ಹಾಳೆಯ ಗುಂಟ ಹರಿಯಬೇಕು. ಹಾಳೆಯಲ್ಲಿ ಉಂಗುರವನ್ನೋ ಸಾಲು ತೂತುಗಳನ್ನೋ ಕೊರೆದರೆ ಬೆಳಕು ಊನದ ಸುತ್ತಲೇ ಸುಳಿಯುತ್ತದೆ, ಆ ಮೂರು ಪಾಲು ಹಿಗ್ಗುತ್ತದೆ. ಸಿಲಿಕಾನ್ ಉದ್ಯಮದಲ್ಲಿ ಇಂಥ ಹಾಳೆಗಳು ಗಾಜಿನ ಪದರದ ಮೇಲೆ ಸಿದ್ಧವಾಗಿಯೇ ದೊರೆಯುತ್ತವೆ. ವಜ್ರಕ್ಕೆ ಆ ಭಾಗ್ಯವಿಲ್ಲ. ಮೀಥೇನ್ ಮತ್ತು ಹೈಡ್ರೋಜನ್ ಅನಿಲಗಳ ಪ್ಲಾಸ್ಮಾದಲ್ಲಿ ವಜ್ರವನ್ನು ಬೆಳೆಸುವ ವಿದ್ಯೆ 1980ರ ದಶಕದಿಂದ ಚೆನ್ನಾಗಿ ಬಂದಿದೆ. ಆದರೆ ಕಳಂಕವಿಲ್ಲದ ಏಕಸ್ಫಟಿಕ ವಜ್ರ ಬೇಕೆಂದರೆ ಅದನ್ನು ವಜ್ರದ ಮೇಲೆಯೇ ಬೆಳೆಸುವುದು ರೂಢಿ. ಬೇರೆ ವಸ್ತುವಿನ ಮೇಲೆ ಬೆಳೆದದ್ದು ಸಾಮಾನ್ಯವಾಗಿ ಸಣ್ಣ ಸಣ್ಣ ಹರಳುಗಳ ಒತ್ತೊತ್ತು ಗುಂಪಾಗುತ್ತದೆ. ವಜ್ರದ ಮೇಲೆ ಬೆಳೆದ ವಜ್ರವನ್ನು ಬಿಡಿಸುವುದಾದರೂ ಹೇಗೆ? ಕಾಗೆ ಬಂಗಾರವಾಗಿದ್ದರೆ ಉಗುರಿನಿಂದಲೇ ಪದರ ಎಬ್ಬಿಸಬಹುದಿತ್ತು. ವಜ್ರದಲ್ಲಿ ಪ್ರತಿ ಇಂಗಾಲವೂ ನಾಲ್ಕು ದಿಕ್ಕಿಗೆ ನಾಲ್ಕು ನಂಟುಗಳನ್ನು ಚಾಚಿ ಹಿಡಿದಿದೆ; ಸಡಿಲವಾದ ಪದರವೆಂಬುದೇ ಅಲ್ಲಿಲ್ಲ.

ಉಜ್ಜಿ ಉಜ್ಜಿ ತೆಳುವಾಗಿಸುವುದು ಮೊದಲು ಹೊಳೆಯುವ ದಾರಿ. ಇಪ್ಪತ್ತು ಮೂವತ್ತು ಮೈಕ್ರೋಮೀಟರ್ ದಪ್ಪದವರೆಗೆ ಉಜ್ಜಿ, ಆಮೇಲೆ ಆಕ್ಸಿಜನ್ ಪ್ಲಾಸ್ಮಾದಲ್ಲಿ ಸವೆಸುತ್ತ ಬರುವುದು. ವಜ್ರ ಎಷ್ಟು ಗಟ್ಟಿಯಾದರೂ ಇಂಗಾಲವೇ. ಆಕ್ಸಿಜನ್ ಸಿಕ್ಕರೆ ಉರಿದು ಅನಿಲವಾಗಿ ಹೋಗುತ್ತದೆ. ಲಾವೋಸಿಯೆ 1770ರ ದಶಕದಲ್ಲಿಯೇ ಮಸೂರದಿಂದ ಬಿಸಿಲನ್ನು ಒಟ್ಟುಗೂಡಿಸಿ ವಜ್ರವನ್ನು ಸುಟ್ಟಿದ್ದರು. ತೊಡಕು ಇರುವುದು ಬೇರೆ ಕಡೆ. ಉಜ್ಜಿದ ವಜ್ರದ ಎರಡು ಮುಖಗಳು ಸರಿಯಾಗಿ ಸಮಾನಾಂತರವಾಗಿರುವುದಿಲ್ಲ. ಒಂದು ಅಂಚಿಗೂ ಇನ್ನೊಂದಕ್ಕೂ ಕೆಲವು ಮೈಕ್ರೋಮೀಟರುಗಳ ಅಂತರ ಉಳಿಯುತ್ತದೆ. ಕಾಲು ಮೈಕ್ರೋಮೀಟರಿನ ಹಾಳೆ ಬೇಕಾದವರು ಸವೆಸುತ್ತ ಹೋದರೆ ದಪ್ಪ ಅಂಚು ಹದಕ್ಕೆ ಬರುವಷ್ಟರಲ್ಲಿ ತೆಳು ಅಂಚು ಮಾಯವಾಗಿರುತ್ತದೆ.

ಇನ್ನೊಂದು ದಾರಿಯನ್ನು ನಾನು ಹೋಳಿಗೆಯ ದಾರಿ ಎಂದು ಕರೆದುಕೊಂಡಿದ್ದೇನೆ. ಹೋಳಿಗೆಯಲ್ಲಿ ಮೇಲೂ ಕೆಳಗೂ ಕಣಕದ ಹಾಳೆ, ನಡುವೆ ಮೆದುವಾದ ಹೂರಣ. ಗಟ್ಟಿ ವಜ್ರದೊಳಗೆ, ಮೇಲ್ಮೈಗೆ ಹಾನಿಯಾಗದಂತೆ, ಹೂರಣದ ಒಂದು ಪದರವನ್ನು ಇಡಲು ಸಾಧ್ಯವಾದರೆ ಅದನ್ನು ಕರಗಿಸಿ ಮೇಲಿನ ಹಾಳೆಯನ್ನು ಎತ್ತಿಕೊಳ್ಳಬಹುದು. ಇದನ್ನು ಮಾಡಿಕೊಡುವುದು ವೇಗದ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳು. ಜಾತ್ರೆಯ ಜನಸಂದಣಿಯೊಳಗೆ ಒಬ್ಬ ಬಿರುಸಾಗಿ ನುಗ್ಗಿದನೆನ್ನಿ. ಮೊದಮೊದಲು ಎಲ್ಲರ ಹೆಗಲು ಸವರುತ್ತ ಸಾಗುತ್ತಾನೆ, ಯಾರೂ ಬೀಳುವುದಿಲ್ಲ. ಕೊನೆಗೆ ಏದುಸಿರು ಬಂದು ಮುಗ್ಗರಿಸಿದಾಗ ಅಕ್ಕಪಕ್ಕದ ನಾಲ್ಕು ಜನರನ್ನು ಎಳೆದುಕೊಂಡು ಬೀಳುತ್ತಾನೆ. ವಜ್ರ ಹೊಕ್ಕ ಹೀಲಿಯಂ ಅಯಾನು ಕೂಡ ಹಾಗೆಯೇ. ವೇಗವಿರುವಷ್ಟು ಹೊತ್ತು ಅದು ತನ್ನ ಶಕ್ತಿಯನ್ನು ಎಲೆಕ್ಟ್ರಾನುಗಳಿಗೆ ಹಂಚುತ್ತ ಹೋಗುತ್ತದೆ, ಪರಮಾಣುಗಳು ಕದಲುವುದು ತೀರ ಕಡಿಮೆ. ವೇಗ ಕುಂದಿದ ಮೇಲೆ, ಪಯಣದ ಕೊನೆಯ ತುಣುಕಿನಲ್ಲಿ, ಇಂಗಾಲಗಳನ್ನು ಜಾಗ ಬಿಟ್ಟು ಎಬ್ಬಿಸುತ್ತದೆ. ಎಷ್ಟು ಶಕ್ತಿಯಿಂದ ಹೊಡೆದರೆ ಎಷ್ಟು ಆಳದಲ್ಲಿ ಅದು ಮುಗ್ಗರಿಸುತ್ತದೆ ಎಂಬುದನ್ನು ಮುಂಚಿತವಾಗಿಯೇ ಲೆಕ್ಕ ಹಾಕಬಹುದು.

ಹೊಡೆತ ಒಂದು ಮಿತಿ ದಾಟಿದರೆ ಆ ಪದರಕ್ಕೆ ಮತ್ತೆ ವಜ್ರವಾಗುವ ಶಕ್ತಿ ಉಳಿಯುವುದಿಲ್ಲ. ಕಾಯಿಸಿದಾಗ ಅದು ಗ್ರಾಫೈಟಿನಂಥ ಕಪ್ಪು ಇಂಗಾಲವಾಗುತ್ತದೆ. ಅದರ ಮೇಲಿನ ಭಾಗ ಮಾತ್ರ, ಅಲ್ಲಲ್ಲಿ ಪೆಟ್ಟು ತಿಂದಿದ್ದರೂ, ವಜ್ರವಾಗಿಯೇ ಇರುತ್ತದೆ. ಮುಂದಿನದು ಸರಳ ರಸಾಯನಶಾಸ್ತ್ರ. ಕುದಿಯುವ ಆಮ್ಲಗಳ ಮಿಶ್ರಣವಾಗಲಿ, ನೀರಿನೊಳಗೆ ವಿದ್ಯುತ್ ಹರಿಸುವ ವಿಧಾನವಾಗಲಿ ಗ್ರಾಫೈಟನ್ನು ತಿಂದು ಹಾಕುತ್ತವೆ, ವಜ್ರವನ್ನು ಮುಟ್ಟುವುದಿಲ್ಲ. 1992ರಲ್ಲಿ ಅಮೆರಿಕದಲ್ಲಿ ಎನ್.ಆರ್. ಪಾರಿಖ್ ಮತ್ತು ಸಂಗಡಿಗರು ಈ ಬಗೆಯಲ್ಲಿ ವಜ್ರದ ತಟ್ಟೆಯನ್ನು ಎಬ್ಬಿಸಿ ತೋರಿಸಿದರು. ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದವರು 2008ರ ಹೊತ್ತಿಗೆ ಎರಡು ಬೇರೆ ಬೇರೆ ಶಕ್ತಿಯ ಹೀಲಿಯಂ ಹೊಡೆತಗಳಿಂದ ಎರಡು ಹೂರಣದ ಪದರಗಳನ್ನು ಮಾಡಿ, ಅವುಗಳ ನಡುವೆ ಸಿಕ್ಕ ಅರ್ಧ ಮೈಕ್ರೋಮೀಟರಿಗಿಂತ ತೆಳುವಾದ ಹಾಳೆಯನ್ನು ಹೊರತೆಗೆದರು.

ಹೀಗೆ ಬಂದ ಹಾಳೆ ಆರೋಗ್ಯವಾಗಿದೆಯೇ ಎಂದು ತಿಳಿಯುವುದು ಹೇಗೆ? ಇಲ್ಲಿ ಬೆಂಗಳೂರಿನ ನಂಟು ಮತ್ತೆ ಎದುರಾಗುತ್ತದೆ. ವಜ್ರದ ಮೇಲೆ ಒಂದೇ ಬಣ್ಣದ ಬೆಳಕು ಬಿಟ್ಟು ಚದುರಿ ಬಂದದ್ದನ್ನು ಬಿಡಿಸಿ ನೋಡಿದರೆ, 1332 ಎಂಬ ಅಲೆಸಂಖ್ಯೆಯಷ್ಟು (ಒಂದು ಸೆಂಟಿಮೀಟರಿನಲ್ಲಿ ಹಿಡಿಸುವ ಅಲೆಗಳ ಎಣಿಕೆ) ಸರಿದ ಜಾಗದಲ್ಲಿ ಒಂದು ಚೂಪಾದ ಗೆರೆ ಕಾಣುತ್ತದೆ. ರಾಮನ್ ಪರಿಣಾಮದ ಈ ಗೆರೆಯನ್ನು ವಜ್ರದಲ್ಲಿ ಮೊದಲು ಗುರುತಿಸಿದವರಲ್ಲಿ ಸಿ. ರಾಮಸ್ವಾಮಿ ಒಬ್ಬರು, ಅದು 1930ರಲ್ಲಿ. ಬೆಂಗಳೂರಿಗೆ ಬಂದ ಮೇಲೆ ರಾಮನ್ ಸ್ವತಃ ವಜ್ರಕ್ಕೆ ಮನಸೋತು ನೂರಾರು ಹರಳುಗಳನ್ನು ಕೂಡಿಸಿದರು. ವಜ್ರದ ರಚನೆಯ ಬಗ್ಗೆ ಯುರೋಪಿನ ವಿಜ್ಞಾನಿಗಳೊಡನೆ ವರ್ಷಗಟ್ಟಲೆ ವಾದಿಸಿದರು. ವಾದದ ಎಲ್ಲ ಅಂಶಗಳಲ್ಲೂ ಅವರು ಗೆಲ್ಲಲಿಲ್ಲ. ಗೆರೆ ಗೆದ್ದಿತು. ಇಂದು ವಜ್ರದ ಪೊರೆ ಮಾಡುವವರು ಮೊದಲು ನೋಡುವುದು ಅದನ್ನೇ. ಗೆರೆ ಚೂಪಾಗಿದ್ದರೆ ಹರಳು ಒಳ್ಳೆಯದು. ಅಗಲವಾದರೆ ಒಳಗೆ ಹಾನಿ ಉಳಿದಿದೆ. ಅತ್ತಿತ್ತ ಸರಿದರೆ ಹಾಳೆ ಬಿಗಿತದಲ್ಲಿದೆ. 1580ರ ಸುತ್ತ ಇನ್ನೊಂದು ಗುಡ್ಡ ಎದ್ದರೆ ಗ್ರಾಫೈಟ್ ಪೂರ್ತಿ ತೊಳೆದುಹೋಗಿಲ್ಲ.

ಮೊದಲ ಪೊರೆಗಳ ಗೆರೆಗಳು ಅಗಲವಾಗಿಯೇ ಇದ್ದವು. ಅಯಾನುಗಳು ದಾರಿಯಲ್ಲಿ ಕೊಟ್ಟ ಸಣ್ಣಪುಟ್ಟ ಪೆಟ್ಟುಗಳು ಮೇಲಿನ ಹಾಳೆಯಲ್ಲೂ ಉಳಿದಿದ್ದವು. ಅದಕ್ಕೆ ಕಂಡುಕೊಂಡ ಮದ್ದು ನನಗೆ ಈ ಕತೆಯಲ್ಲೇ ಅತ್ಯಂತ ಇಷ್ಟವಾದ ಭಾಗ. ಪೆಟ್ಟು ತಿಂದ ಹಾಳೆಯನ್ನೇ ಹಾಸಾಗಿ ಇಟ್ಟುಕೊಂಡು ಅದರ ಮೇಲೆ ಹೊಸ, ಶುದ್ಧ ವಜ್ರವನ್ನು ಬೆಳೆಸುವುದು. ಬೆಳೆದ ಮೇಲೆ ಬಿಡಿಸಿ, ಮಗುಚಿ ಹಾಕಿ, ಈಗ ಮೇಲಾದ ಆ ಹಳೆಯ ಹಾಸನ್ನು ಪ್ಲಾಸ್ಮಾದಲ್ಲಿ ಸವೆಸಿಬಿಡುವುದು. ಅಲ್ಲಿಗೆ ಕೈಯಲ್ಲಿ ಉಳಿಯುವುದು ಅಯಾನಿನ ಹೊಡೆತವನ್ನು ಕಾಣದ ವಜ್ರ. ಬೆಳೆಸುವಾಗಲೇ ಬೇಕಾದ ಆಳದಲ್ಲಿ ಬೇಕಾದ ಊನವನ್ನು ಬಿತ್ತಲೂ ಬಹುದು. ಷಿಕಾಗೊ ವಿಶ್ವವಿದ್ಯಾಲಯ ಮತ್ತು ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ತಂಡ ಈ ಕಸುಬನ್ನು ಬಹಳ ಮುಂದಕ್ಕೆ ಒಯ್ದಿದೆ. 2024ರಲ್ಲಿ ಅವರು 10 ನ್ಯಾನೊಮೀಟರ್‌ನಷ್ಟು ತೆಳುವಾದ ಏಕಸ್ಫಟಿಕ ಪೊರೆಗಳನ್ನು ಸಿಲಿಕಾನ್, ಗಾಜು ಮುಂತಾದವುಗಳ ಮೇಲೆ ಅಂಟಿಲ್ಲದೆ ನೇರವಾಗಿ ಬೆಸೆದು ತೋರಿಸಿದರು. ಹತ್ತು ನ್ಯಾನೊಮೀಟರ್ ಎಂದರೆ ಪರಮಾಣುಗಳ ನೂರು ಚಿಲ್ಲರೆ ಪದರ, ಅಷ್ಟೇ. ಒಂದೊಂದು ಪೊರೆಯ ಅಗಲ ಸುಮಾರು 200 ಮೈಕ್ರೋಮೀಟರ್. ಒಂದು ರಾಗಿ ಕಾಳಿನ ಮೇಲೆ ಹತ್ತಾರು ಪೊರೆಗಳನ್ನು ಹಾಸಬಹುದು.

ಇಲ್ಲಿಯವರೆಗೆ ಬೆಳಕಿನ ಮಾತೇ ಆಯಿತು. ತೆಳುವಾದ ವಜ್ರ ಕಂಪಿಸುವಾಗಲೂ ಅಷ್ಟೇ ಅಪರೂಪದ್ದು. ವಜ್ರ ಹಗುರ, ಅದರ ನಂಟುಗಳು ಅತಿ ಬಿಗಿ. ಹಾಗಾಗಿ ಅದರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 18 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ಐವತ್ತು ಪಟ್ಟು ಹೆಚ್ಚು. ಗುಡಿಯ ಗಂಟೆಯನ್ನು ಒಮ್ಮೆ ಬಾರಿಸಿದರೆ ನಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಿಂದ ಲೋಹದ ಗುಣ ತಿಳಿಯುತ್ತದೆ. ಸೂಕ್ಷ್ಮ ಕಂಬಿಗಳಿಗೂ ಅದೇ ಅಳತೆ, ಅದನ್ನು ಗುಣಾಂಕ ಎನ್ನುತ್ತಾರೆ. ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯವರು ಏಕಸ್ಫಟಿಕ ವಜ್ರದ ತೆಳು ಕಂಬಿಗಳನ್ನು ಒಂದು ತುದಿಯಲ್ಲಿ ಮಾತ್ರ ಆಧಾರ ಕೊಟ್ಟು ನಿಲ್ಲಿಸಿ 2014ರಲ್ಲಿ ವರದಿ ಮಾಡಿದ ಗುಣಾಂಕ ಹತ್ತು ಲಕ್ಷಕ್ಕೂ ಮೀರಿದ್ದು. ಒಮ್ಮೆ ಮೀಟಿದರೆ ಲಕ್ಷಗಟ್ಟಲೆ ಸಲ ತೂಗಾಡಿದ ಮೇಲೆಯೇ ಆ ಕಂಬಿಯ ತೂಗಾಟ ಗಣನೀಯವಾಗಿ ತಗ್ಗುತ್ತದೆ. ಇಷ್ಟು ನಿಧಾನವಾಗಿ ಶಕ್ತಿ ಕಳೆದುಕೊಳ್ಳುವ ಕಂಬಿ ಅತ್ಯಲ್ಪ ಬಲದ ಸೋಂಕನ್ನೂ ಗುರುತಿಸಬಲ್ಲದು.

ವಜ್ರ ಮುರಿಯುತ್ತದೆ, ಬಾಗುವುದಿಲ್ಲ ಎಂದೇ ನಾವೆಲ್ಲ ನಂಬಿದ್ದೆವು. ದಪ್ಪ ಹರಳಿಗೆ ಅದು ನಿಜ. ಬಿರುಕು ಶುರುವಾಗಲು ಎಲ್ಲಾದರೂ ಒಂದು ಕುಂದು ಬೇಕು, ದೊಡ್ಡ ಹರಳಿನಲ್ಲಿ ಕುಂದಿಗೆ ಬರವಿಲ್ಲ. ಹರಳು ಸಣ್ಣದಾದಷ್ಟೂ ಅಂಥ ಕುಂದು ಇಲ್ಲದಿರುವ ಸಂಭವ ಹೆಚ್ಚು. ಹಾಂಗ್‌ಕಾಂಗ್ ಮತ್ತು ಅಮೆರಿಕದ ಎಂಐಟಿ ಮುಂತಾದ ಕಡೆಯ ಸಂಶೋಧಕರು 2018ರಲ್ಲಿ ಸುಮಾರು 300 ನ್ಯಾನೊಮೀಟರ್ ದಪ್ಪದ ವಜ್ರದ ಸೂಜಿಗಳನ್ನು ಬಾಗಿಸಿದಾಗ ಅವು ನೂರಕ್ಕೆ ಒಂಬತ್ತರವರೆಗೆ ಹಿಗ್ಗಿ, ಬಿಟ್ಟೊಡನೆ ಮತ್ತೆ ನೆಟ್ಟಗಾದವು. 2024ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯ ಮತ್ತು ಚೀನಾದ ಸಂಗಾತಿ ಸಂಸ್ಥೆಗಳು ಇನ್ನೂ ಸರಳವಾದ ಒಂದು ವಿಧಾನವನ್ನು ಪ್ರಕಟಿಸಿದವು: ಸಿಲಿಕಾನ್ ಬಿಲ್ಲೆಯ ಮೇಲೆ ಬೆಳೆದ ವಜ್ರದ ಪದರದ ಅಂಚನ್ನು ತೆರೆದು, ಅಂಟುಪಟ್ಟಿಯಿಂದ ಎಳೆದು ಬಿಡಿಸುವುದು. ಎರಡು ಇಂಚಿನ ಇಡೀ ಹಾಳೆ ಕೆಲವೇ ಸೆಕೆಂಡುಗಳಲ್ಲಿ ಎದ್ದು ಬರುತ್ತದೆ. ಅದು ಬಹುಸ್ಫಟಿಕ ವಜ್ರ, ಒಂಟಿ ಊನದ ಶುದ್ಧ ಬೆಳಕಿಗೆ ಹೇಳಿಸಿದ್ದಲ್ಲ. ಆದರೆ ಶಾಖವನ್ನು ಚೆನ್ನಾಗಿ ಸಾಗಿಸುವ, ಬಾಗುವ ಹಾಳೆ ಬೇಕಾದ ಎಲೆಕ್ಟ್ರಾನಿಕ್ ಚಿಪ್‌ಗಳಿಗೆ ಅಮೂಲ್ಯ.

ಏಕಸ್ಫಟಿಕದ ಪೊರೆಗೆ ಮತ್ತೊಂದು ಪೀಡೆಯಿದೆ. ಅಷ್ಟು ತೆಳುವಾದ ಮೇಲೆ ಎಲ್ಲ ಊನಗಳೂ ಮೇಲ್ಮೈಗೆ ಹತ್ತಿರವೇ. ಮೇಲ್ಮೈಯಲ್ಲಿ ಅಲೆಯುವ ವಿದ್ಯುದಂಶಗಳು ನೈಟ್ರೋಜನ್ ಕೇಂದ್ರದ ಬಣ್ಣವನ್ನು ಕ್ಷಣಕ್ಷಣಕ್ಕೂ ಕದಲಿಸುತ್ತವೆ. ಅದಕ್ಕೆಂದು ಹಲವರು ನೈಟ್ರೋಜನ್ ಬದಲು ಸಿಲಿಕಾನ್ ಅಥವಾ ತವರದ ಪರಮಾಣು ಸೇರಿ ಆದ ಊನಗಳ ಕಡೆಗೆ ಹೊರಳಿದ್ದಾರೆ. ಇವುಗಳ ರಚನೆಯಲ್ಲಿ ಎರಡೂ ಕಡೆ ಸಮತೂಕವಿರುವುದರಿಂದ ಹೊರಗಿನ ವಿದ್ಯುತ್‌ಕ್ಷೇತ್ರ ಅಷ್ಟಾಗಿ ನಾಟುವುದಿಲ್ಲ. ಆದರೆ ಸಿಲಿಕಾನಿನದಕ್ಕೆ ನಿರಪೇಕ್ಷ ಶೂನ್ಯವನ್ನು ಮುಟ್ಟುವಂಥ ಚಳಿ ಬೇಕು. ತವರದ್ದಕ್ಕೆ ಅಷ್ಟು ಬೇಡವಾದರೂ ಅದರ ಗಿರಕಿ ಮೈಕ್ರೋವೇವ್ ಅಲೆಗಳಿಗೆ ಸುಲಭವಾಗಿ ಓಗೊಡುವುದಿಲ್ಲ. ಹರಳನ್ನು ಹಿಗ್ಗಿಸಿದರೆ ಓಗೊಡುತ್ತದೆ. ದಪ್ಪ ವಜ್ರವನ್ನು ಹಿಗ್ಗಿಸುವವರು ಯಾರು? 2023ರಲ್ಲಿ ಷಿಕಾಗೊ, ಆರ್ಗಾನ್ ಮತ್ತು ಕೇಂಬ್ರಿಜ್‌ನ ಸಂಶೋಧಕರು ತವರದ ಊನವಿರುವ ಪೊರೆಯನ್ನು ಗಾಜಿನ ಹಲಗೆಗೆ ಬಿಸಿಯಲ್ಲಿ ಬೆಸೆದರು. ತಣಿಯುವಾಗ ವಜ್ರ ಕುಗ್ಗಲು ಹೊರಟಿತು, ಗಾಜು ಅಷ್ಟು ಕುಗ್ಗಲಿಲ್ಲ. ಪೊರೆ ಸಾವಿರಕ್ಕೆ ಒಂದರ ಆಸುಪಾಸಿನಷ್ಟು ಹಿಗ್ಗಿದಂತೆಯೇ ನಿಂತಿತು, ಮತ್ತು 1.7 ಕೆಲ್ವಿನ್ ಚಳಿಯಲ್ಲಿ, ಅಂದರೆ ನಿರಪೇಕ್ಷ ಶೂನ್ಯಕ್ಕಿಂತ 1.7 ಡಿಗ್ರಿ ಮೇಲೆ, ಅದರೊಳಗಿನ ತವರದ ಗಿರಕಿ ಮೈಕ್ರೋವೇವ್‌ನ ಕರೆಗೆ ಓಗೊಟ್ಟಿತು.