ಶ್ರೀರಂಗಪಟ್ಟಣದಿಂದ ಹುಟ್ಟಿ ನಿಂತುಹೋದ ಎರಡು ಪದವಿಗಳು

ವಂಶಾವಳಿ ಹುಡುಕಿಕೊಡುವುದು ನನ್ನ ವೃತ್ತಿ. ಟಿಪ್ಪುವಿನ ಮೇಲೆ ಯುದ್ಧ ಮಾಡಿ ‘ಮಾರ್ಕ್ವೆಸ್’ (ಡ್ಯೂಕ್‌ಗಿಂತ ಕೆಳಗಿನ, ಅರ್ಲ್‌ಗಿಂತ ಮೇಲಿನ ಬ್ರಿಟಿಷ್ ಕುಲೀನ ಪದವಿ) ಆದ ಗವರ್ನರ್ ಜನರಲ್‌ಗಳಾದ ಕಾರ್ನ್‌ವಾಲಿಸ್ ಮತ್ತು ವೆಲ್ಲೆಸ್ಲಿಯ ಪದವಿಗಳು ಈಗ ಯಾರ ಬಳಿ ಇವೆ ಎಂದು ಹಲವರು ಕೇಳುತ್ತಾರೆ. ಯಾರ ಬಳಿಯೂ ಇಲ್ಲ. ಕಾರಣ ತಿಳಿಯಬೇಕಾದರೆ ಯುದ್ಧದ ಕಥೆ ಬಿಟ್ಟು ರಾಜ ಕೊಟ್ಟ ಸನ್ನದನ್ನು ಓದಬೇಕು.

ಇಂಥ ಸನ್ನದು ಸಾಮಾನ್ಯವಾಗಿ ಪದವಿಯನ್ನು ಪಡೆದವನ ಔರಸ (ಮದುವೆಯಾದ ದಂಪತಿಗೆ ಹುಟ್ಟಿದ) ಗಂಡುಸಂತತಿಗೆ ಮಾತ್ರ ಕಟ್ಟಿಹಾಕುತ್ತದೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜರ ದತ್ತುಪುತ್ರ ಚಾಮರಾಜೇಂದ್ರರು ಪಟ್ಟವೇರಿದರು. ಬ್ರಿಟಿಷ್ ಪದವಿಗೆ ದತ್ತು ನಡೆಯುವುದಿಲ್ಲ.

ಕಾರ್ನ್‌ವಾಲಿಸ್ 1791ರಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ. ಮರುವರ್ಷ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡ ಒಪ್ಪಂದದ ಬಳಿಕ ಮಾರ್ಕ್ವೆಸ್ ಆದ. ಅವನ ಮಗನಿಗೆ ಐವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. 1823ರಲ್ಲಿ ಆ ಮಗನೊಂದಿಗೆ ಮಾರ್ಕ್ವೆಸ್ ಪದವಿ ಮುಗಿಯಿತು. ಆದರೆ 1753ರ ‘ಅರ್ಲ್’ ಪದವಿ ಕಾರ್ನ್‌ವಾಲಿಸ್‌ನ ತಂದೆಗೆ ಕೊಟ್ಟದ್ದಾದ್ದರಿಂದ ಆ ಮಗನ ಚಿಕ್ಕಪ್ಪ, ಬಿಷಪ್ ಆಗಿದ್ದವನಿಗೆ ಹೋಯಿತು. 1852ರಲ್ಲಿ ಅದೂ ನಿಂತಿತು.

ವೆಲ್ಲೆಸ್ಲಿಯ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿನ ದೊಡ್ಡ ಪದವಿಯನ್ನೇ ಅವನು ನಿರೀಕ್ಷಿಸಿದ್ದ. ಸಿಕ್ಕಿದ್ದು ಐರ್ಲೆಂಡಿನ ಮಾರ್ಕ್ವೆಸ್ ಪದವಿ. ಅದರ ಘನತೆ ಕಡಿಮೆ. ಚಿನ್ನದ ಲೇಪವನ್ನು ಎರಡು ಸಲ ಬಳಿದ ಆಲೂಗಡ್ಡೆ ಎಂದು ಅವನು ಕುದಿದ. ಆ ಪದವಿಯನ್ನೂ ಮಕ್ಕಳಿಗೆ ದಾಟಿಸಲಾಗಲಿಲ್ಲ. ಫ್ರೆಂಚ್ ನಟಿ ಇಯಾಸಿಂತ್ ರೋಲಾಂ ಜೊತೆ ಅವನಿಗೆ ಐವರು ಮಕ್ಕಳಾದ ನಂತರ 1794ರಲ್ಲಿ ಮದುವೆ ನಡೆದಿತ್ತು. ಮದುವೆಗೆ ಮೊದಲು ಹುಟ್ಟಿದವರು ಆಗಿನ ಕಾನೂನಿನಲ್ಲಿ ಎಂದೆಂದಿಗೂ ಔರಸರಲ್ಲ. 1926ರ ಕಾಯಿದೆ ಅಂಥ ಮಕ್ಕಳಿಗೆ ಮಾನ್ಯತೆ ಕೊಟ್ಟಾಗಲೂ ಪದವಿಗಳನ್ನು ಹೊರಗೇ ಇಟ್ಟಿತು. ಹೆತ್ತವರ ಮದುವೆಯ ದಿನಾಂಕಕ್ಕೆ ಮಕ್ಕಳು ದಂಡ ತೆರುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

1842ರಲ್ಲಿ ವೆಲ್ಲೆಸ್ಲಿ ತೀರಿಕೊಂಡಾಗ ಮಗ ಹೆನ್ರಿ ಬದುಕಿದ್ದ; ವಿದ್ವಾಂಸ, ಮುಂದೆ ಆಕ್ಸ್‌ಫರ್ಡಿನ ನ್ಯೂ ಇನ್ ಹಾಲ್‌ನ ಮುಖ್ಯಸ್ಥನೂ ಆದ. ಆದರೂ ಮಾರ್ಕ್ವೆಸ್ ಪದವಿ ಅಳಿಯಿತು. ವೆಲ್ಲೆಸ್ಲಿಯ ತಂದೆಗೆ 1760ರಲ್ಲಿ ದೊರೆತಿದ್ದ ‘ಮಾರ್ನಿಂಗ್ಟನ್ ಅರ್ಲ್’ ಪದವಿ ಮಾತ್ರ ವೆಲ್ಲೆಸ್ಲಿಯ ತಮ್ಮ ವಿಲಿಯಮ್‌ಗೆ ಸಂದು, ಮುಂದೆ ವೆಲ್ಲಿಂಗ್ಟನ್ ಡ್ಯೂಕ್‌ಗಳ ಮನೆ ಸೇರಿತು.

ಸಂತತಿಯೇನೂ ಅಳಿಯಲಿಲ್ಲ. ವೆಲ್ಲೆಸ್ಲಿಯ ಮಗಳು ಆನ್ ಬೆಂಟಿಂಕ್ ಮನೆತನದ ಸೊಸೆಯಾದಳು. ಅವಳ ಮೊಮ್ಮಗಳು ಸಿಸಿಲಿಯಾ. ಸಿಸಿಲಿಯಾಳ ಮಗಳು ಎಲಿಜಬೆತ್ ಬೋಸ್-ಲಯನ್, ಎರಡನೆಯ ಎಲಿಜಬೆತ್ ರಾಣಿಯ ತಾಯಿ.