ಸಿಮ್ ಕಿತ್ತು ಹಾಕಿದರೂ ನೀಲಿ ಚುಕ್ಕೆ ಓಡುತ್ತದೆ

ಪ್ರಶ್ನೆ: ಗೋವಾ ಕಡೆ ಹಾಯಿದೋಣಿ ಕಲಿಯಲು ಹೋಗುವ ಯೋಚನೆ ಇದೆ. ದಡ ಬಿಟ್ಟು ದೂರ ಹೋದರೆ ನೆಟ್‌ವರ್ಕ್ ಇರುವುದಿಲ್ಲವಲ್ಲ, ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆಯೇ? ಸಿಮ್ ಇರುವ ಟ್ಯಾಬ್ ಕೊಳ್ಳಬೇಕೇ?
(ಸಾಗರದ ಓದುಗರೊಬ್ಬರು)

ಕೆಲಸ ಮಾಡುತ್ತದೆ. ಹೋದ ಸಲವೂ ಇದನ್ನೇ ಬರೆದಿದ್ದೆ, ಅದರ ಹಿಂದಿನ ಸಲವೂ ಇದನ್ನೇ. ಚಾರಣದವರು ಕೊಡಚಾದ್ರಿಯ ಹೆಸರು ಹಾಕಿ ಕೇಳುತ್ತಾರೆ, ಕಯಾಕ್ ಹುಡುಗರು ಹೊನ್ನೆಮರಡಿನ ಹೆಸರು ಹಾಕಿ ಕೇಳುತ್ತಾರೆ. ಊರು ಬೇರೆ ಬೇರೆ, ಒಳಗೆ ಕೂತಿರುವ ನಂಬಿಕೆ ಮಾತ್ರ ಒಂದೇ: ಟವರ್ ಹೋದರೆ ಜಿಪಿಎಸ್ಸೂ ಹೋಯಿತು.

ಈ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಒಂದು ಫೋನ್ ಮಾಡಲು ಗುಡ್ಡ ಹತ್ತಬೇಕಾದ ತುಮರಿ ಕಡೆಯವರಿಗೆ ಕಡ್ಡಿ ಇಲ್ಲದ ಫೋನೆಂದರೆ ಟಾರ್ಚೇ ಸರಿ. ಆದರೆ ಜಿಪಿಎಸ್ ಬರುವುದು ಟವರಿನಿಂದಲ್ಲ, ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ. ಅವು ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ಸಾರುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ಸಾಕು, ತಾನೆಲ್ಲಿದ್ದೇನೆಂದು ಫೋನ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಅದು ಮೇಲಕ್ಕೆ ಏನನ್ನೂ ಕಳಿಸುವುದಿಲ್ಲ. ಭದ್ರಾವತಿ ಆಕಾಶವಾಣಿ ಕೇಳುವಾಗ ನಿಮ್ಮ ರೇಡಿಯೋ ಭದ್ರಾವತಿಗೆ ಏನಾದರೂ ಹೇಳುತ್ತದೆಯೇ? ಇದೂ ಹಾಗೆಯೇ.

‘ಹಾಗಾದರೆ ನನ್ನ ಮ್ಯಾಪ್ ಯಾಕೆ ಬರಲಿಲ್ಲ?’ ಎಂಬುದು ಮುಂದಿನ ಪತ್ರ ಎಂದು ನನಗೆ ಗೊತ್ತು. ಬಾರದೆ ಹೋದದ್ದು ಮ್ಯಾಪಿನ ಚಿತ್ರ, ಜಿಪಿಎಸ್ ಅಲ್ಲ. ಚಿತ್ರ ಬರುವುದು ಇಂಟರ್ನೆಟ್‌ನಿಂದ. ನೆಟ್ ಇಲ್ಲದ ಕಡೆ ಪರದೆ ತುಂಬ ಬೂದುಬಣ್ಣ ಕಾಣುತ್ತದೆ, ಅದರ ಮೇಲೆ ನೀಲಿ ಚುಕ್ಕೆ ಪಾಪ ಸರಿಯಾದ ಜಾಗದಲ್ಲೇ ನಿಂತಿರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಮನೆಯ ವೈಫೈಯಲ್ಲಿದ್ದಾಗಲೇ ಆ ಭಾಗದ ಮ್ಯಾಪ್ ಇಳಿಸಿಟ್ಟುಕೊಂಡರೆ ಆಯಿತು.

ಇನ್ನೊಂದು ಕಾರಣ ಅವಸರ. ನೆಟ್ ಇದ್ದಾಗ ಉಪಗ್ರಹಗಳ ಪಥದ ವಿವರವನ್ನು ಫೋನ್ ಇಂಟರ್ನೆಟ್‌ನಿಂದ ಚಕ್ಕನೆ ತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ಕೇಳಿಕೊಳ್ಳಬೇಕು, ಆ ವಿವರ ಒಮ್ಮೆ ಪೂರ್ತಿ ಬರಲು 30 ಸೆಕೆಂಡು. ಅಡಿಕೆ ತೋಟದ ಒಳಗೆ ನಿಂತಿದ್ದರೆ, ನಡುವೆ ತುಂಡಾಗಿ ಮತ್ತೆ ಮೊದಲಿನಿಂದ. ನಮ್ಮವರು ಹತ್ತು ಸೆಕೆಂಡು ನೋಡಿ ‘ಇಲ್ಲ ಮಾರಾಯ್ರೆ, ಬರಲ್ಲ’ ಎಂದು ಜೇಬಿಗೆ ಹಾಕಿಬಿಡುತ್ತಾರೆ. ಬಯಲಿಗೆ ಬಂದು ಎರಡು ಮೂರು ನಿಮಿಷ ಸುಮ್ಮನೆ ನಿಲ್ಲಿ. ನಂಬಿಕೆ ಬಾರದಿದ್ದರೆ ಸಿಮ್ ತೆಗೆದು, ಏರ್‌ಪ್ಲೇನ್ ಮೋಡ್ ಹಾಕಿ, ಲೊಕೇಶನ್ ಆನ್ ಇದೆಯೇ ನೋಡಿಕೊಂಡು ಸಿಗಂದೂರು ಸೇತುವೆಯ ಮೇಲೆ ಬಸ್ಸಿನ ಕಿಟಕಿ ಪಕ್ಕ ಕೂತು ಪರೀಕ್ಷಿಸಿ.

ಟ್ಯಾಬ್ ವಿಷಯದಲ್ಲಿ ಈ ನಂಬಿಕೆಗೆ ಗೊಬ್ಬರ ಹಾಕಿದ್ದು ಐಪ್ಯಾಡ್. ಬರೀ ವೈಫೈ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ, ಸಿಮ್ ಹಾಕುವ ಮಾದರಿಯಲ್ಲಿದೆ. ಅದನ್ನು ಕಂಡವರು ಸಿಮ್ಮೇ ಜಿಪಿಎಸ್ ಕೊಡುತ್ತದೆ ಎಂದುಕೊಂಡರು. ಸಿಮ್ ಮಾದರಿ ಕೊಂಡು ಸಿಮ್ ಹಾಕದೇ ಇಟ್ಟರೂ ಅದು ದಾರಿ ತೋರಿಸುತ್ತದೆ. ಬೇರೆ ಕಂಪನಿಯ ಟ್ಯಾಬ್ ಆದರೆ ಕೊಳ್ಳುವ ಮೊದಲು ವಿವರಪಟ್ಟಿಯಲ್ಲಿ ಜಿಪಿಎಸ್ ಎಂಬ ಸಾಲು ಹುಡುಕಿ. ಕಲಿಯುವ ಹಂತದ ಸಣ್ಣ ದೋಣಿಗೆ ಟ್ಯಾಬ್ ಬೇಡ ಎನ್ನುವುದು ನನ್ನ ಅಭಿಪ್ರಾಯ, ಅಲ್ಲಿ ನಿಮ್ಮ ಎರಡೂ ಕೈಗೆ ಹಗ್ಗದ ಕೆಲಸ ಇರುತ್ತದೆ. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಳ್ಳಿ. ಮಳೆಹನಿ ಬಿದ್ದರೆ ಟಚ್ ತಾನೇ ಹುಚ್ಚಾಟ ಶುರುಮಾಡುತ್ತದೆ, ಬಿಸಿಲಿಗೆ ಕಾದರೆ ಫೋನ್ ಆಫ್ ಆಗುತ್ತದೆ. ಅಯಸ್ಕಾಂತದ ಕವರಾಗಲಿ ಸ್ಟ್ಯಾಂಡಾಗಲಿ ಬೇಡ, ಫೋನಿನ ದಿಕ್ಸೂಚಿ ಕೆಡುತ್ತದೆ.

ಒಂದು ಎಚ್ಚರಿಕೆ ಇದೆ. ಜಿಪಿಎಸ್ ನೀವೆಲ್ಲಿದ್ದೀರೆಂದು ನಿಮಗೆ ಹೇಳುತ್ತದೆ, ಊರಿಗೆ ಹೇಳುವುದಿಲ್ಲ. ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಲು ಟವರ್ ಬೇಕೇ ಬೇಕು. ಅದು ಸಿಗದಷ್ಟು ದೂರ ಹೋಗುವ ದೋಣಿಯಲ್ಲಿ ವಿಎಚ್‌ಎಫ್ ರೇಡಿಯೋ (ಟವರ್ ಇಲ್ಲದೆ ದೋಣಿಯಿಂದ ದೋಣಿಗೆ, ದಡಕ್ಕೆ ಮಾತಾಡುವ ಸಾಧನ) ಇರಬೇಕು, ಅಪಾಯದ ಕರೆ ಮಾಡುವುದು ಅದರ 16ನೇ ಚಾನೆಲ್‌ನಲ್ಲಿ.

ಯಾರೂ ಕೇಳದ ಪ್ರಶ್ನೆ ಒಂದಿದೆ: ಚುಕ್ಕೆ ಸರಿ, ಅದರ ಕೆಳಗಿನ ಮ್ಯಾಪ್ ಸರಿಯೇ? ಗೂಗಲ್ ಮ್ಯಾಪಿಗೆ ಸಮುದ್ರವೆಂದರೆ ನೀಲಿ ಬಣ್ಣ ಅಷ್ಟೇ, ಆಳ ಎಷ್ಟು, ಬಂಡೆ ಎಲ್ಲಿ ಎಂಬುದು ಅದರಲ್ಲಿಲ್ಲ. ಅದಕ್ಕೆ ನಾವಿಕರ ಚಾರ್ಟೇ ಬೇಕು. ನಮ್ಮ ದೇಶದ ಚಾರ್ಟುಗಳನ್ನು ತಯಾರಿಸುವ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ ಸಮುದ್ರದ ಸುಳಿವೇ ಇಲ್ಲದ ದೆಹ್ರಾಡೂನಿನಲ್ಲಿದೆ! ಚಾರ್ಟ್ ಇದ್ದರೂ ನೋಡಲು ಬರಬೇಕು. 2014ರ ನವೆಂಬರ್ 29ರಂದು ಜಗತ್ತು ಸುತ್ತುವ ಹಾಯಿದೋಣಿ ಪಂದ್ಯವಾದ ವೋಲ್ವೋ ಓಷನ್ ರೇಸಿನ ‘ವೆಸ್ಟಾಸ್ ವಿಂಡ್’ ದೋಣಿ ಮಾರಿಷಸ್‌ನ ಈಶಾನ್ಯದ ಹವಳದ ದಿಬ್ಬಕ್ಕೆ ಬಡಿಯಿತು. ದಿಬ್ಬ ಎಲೆಕ್ಟ್ರಾನಿಕ್ ಚಾರ್ಟಿನಲ್ಲಿತ್ತು, ಸಾಕಷ್ಟು ಜೂಮ್ ಮಾಡಿ ನೋಡಿದರೆ ಮಾತ್ರ ಕಾಣುತ್ತಿತ್ತು. ದೋಣಿಯಲ್ಲಿದ್ದ ಒಂಬತ್ತು ಮಂದಿಯೂ ಬದುಕಿದರು.

ಲಿಂಗನಮಕ್ಕಿ ಹಿನ್ನೀರಿಗೆ ಅಂಥ ಚಾರ್ಟನ್ನು ಹುಡುಕಬೇಡಿ. ಜಲಾಶಯ ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆಯಲ್ಲಿ ಎಷ್ಟು ಇಳಿಯುತ್ತದೆಂದರೆ ಮುಳುಗಿದ್ದ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಮೇಲೆ ಬರುತ್ತದೆ. ಮ್ಯಾಪಿನ ನೀಲಿ ಗೆರೆ ಮಾತ್ರ ಕದಲುವುದಿಲ್ಲ. ಅಂಗೈ ಆಳದ ನೀರಿನ ಕೆಳಗೆ ಮರದ ಬೊಡ್ಡೆಗಳು ನಿಂತಿರುತ್ತವೆ. ಏಪ್ರಿಲ್–ಮೇ ತಿಂಗಳಲ್ಲಿ ಅಲ್ಲಿ ಹಾಯಿ ಕಟ್ಟುವವರು ದೋಣಿಯ ಅಡಿಗೆ ಇಳಿಬಿಡುವ ಹಲಗೆಯನ್ನು ಅರ್ಧ ಎತ್ತಿಕೊಂಡು ನಿಧಾನಕ್ಕೆ ಹೋಗಿ, ಅದಕ್ಕೂ ಮೊದಲು ದಡದಲ್ಲಿ ತೆಪ್ಪ ಹಾಕುವವರನ್ನು ಕೇಳಿಕೊಳ್ಳಿ.