ರಾಜಕಾಲುವೆ ಮೇಲಿನ ಕಾಂಪೌಂಡ್ ತೆಗೆಸೋರು ಯಾರು?

ಪ್ರಶ್ನೆ: ಮಳೆ ಜೋರಾದರೆ ನಮ್ಮ ಬೀದಿಯ ಮನೆಗಳಿಗೆ ನೀರು ನುಗ್ಗುತ್ತದೆ. ಸ್ವಲ್ಪ ಕೆಳಗೆ ಮಳೆನೀರು ಹರಿಯುವ ರಾಜಕಾಲುವೆಯನ್ನೇ ಒತ್ತಿ ಯಾರೋ ಕಾಂಪೌಂಡ್ ಎಬ್ಬಿಸಿದ್ದಾರೆ. ಪಾಲಿಕೆಯವರು ತಹಶೀಲ್ದಾರರ ಕಡೆ ಕೈ ತೋರಿಸುತ್ತಾರೆ, ತಾಲೂಕು ಕಚೇರಿಯವರು ಪಾಲಿಕೆಗೆ ಹೋಗಿ ಅನ್ನುತ್ತಾರೆ. ನಿಜಕ್ಕೂ ಇದು ಯಾರ ಕೆಲಸ? (ಬೆಂಗಳೂರಿನ ಓದುಗರೊಬ್ಬರು)

ಉತ್ತರ: ಇಬ್ಬರ ಮಾತಲ್ಲೂ ಅರ್ಧ ನಿಜ ಇದೆ. ಇನ್ನರ್ಧವನ್ನು ಇಬ್ಬರೂ ನುಂಗಿಕೊಳ್ಳುತ್ತಾರೆ.

ಕಾಲುವೆಯ ಹೂಳೆತ್ತುವುದು, ತಡೆಗೋಡೆ ಕಟ್ಟುವುದು ಪಾಲಿಕೆಯ ಹೊಣೆ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆಗಳಾಗಿರುವುದರಿಂದ ನಿಮ್ಮ ಬೀದಿ ಯಾವುದಕ್ಕೆ ಸೇರಿದೆ ಅನ್ನೋದನ್ನ ಮೊದಲು ನೋಡಿಕೊಳ್ಳಿ. ಕಾಲುವೆಯಲ್ಲಿ ಕೊಳಚೆ ನೀರು ಹರಿಯುತ್ತಿದ್ದರೆ ಆ ದೂರು ಜಲಮಂಡಳಿಗೆ. ಆದರೆ ಹಳ್ಳ, ಕಾಲುವೆಯ ನೆಲ ಸರ್ಕಾರದ್ದು ಎನ್ನುತ್ತದೆ ಕರ್ನಾಟಕ ಭೂಕಂದಾಯ ಕಾಯ್ದೆ, 1964. ಆ ನೆಲದಿಂದ ಒತ್ತುವರಿದಾರರನ್ನು ಎಬ್ಬಿಸಲು ಅದರ 104ನೇ ಕಲಂ ಇದೆ. ಬೆಂಗಳೂರಲ್ಲಿ ಸಾಮಾನ್ಯವಾಗಿ ನಡೆಯುವ ಕ್ರಮ ಹೀಗೆ: ಸರ್ವೇಯರ್ ಅಳೆಯುತ್ತಾರೆ, ತಹಶೀಲ್ದಾರ್ ಆದೇಶ ಮಾಡುತ್ತಾರೆ, ಆಮೇಲೆ ಪಾಲಿಕೆಯ ಜೆಸಿಬಿ ಬರುತ್ತದೆ.

ಕಡತ ಹೆಚ್ಚಾಗಿ ಕೂರುವುದು ಈ ಅಳತೆಯಲ್ಲೇ. ಹಳೆಯ ಗ್ರಾಮನಕ್ಷೆಯಲ್ಲಿ ಹಳ್ಳ ಸ್ಪಷ್ಟವಾಗಿ ಕಾಣುತ್ತದೆ, ಸ್ಥಳಕ್ಕೆ ಹೋದರೆ ಗಡಿ ಗುರುತಿನ ಬಾಂದುಕಲ್ಲುಗಳು ಕಾಂಕ್ರೀಟ್ ಅಡಿಯಲ್ಲಿ. ಉಳಿದ ಯಾವುದೋ ಕಲ್ಲು ಹಿಡಿದು ಅಳೆದು, ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕುತ್ತಾರೆ. ಆ ಗೆರೆ ಕೆಲವೊಮ್ಮೆ ಯಾರದೋ ಅಡುಗೆಮನೆ ಮಧ್ಯೆಯೇ ಹಾಯುತ್ತದೆ. 2016ರಲ್ಲಿ ಬೆಂಗಳೂರಿನ ಅವನಿ ಶೃಂಗೇರಿನಗರದಲ್ಲಿ ರಾಜಕಾಲುವೆ ಒತ್ತುವರಿ ಎಂದು ಪಾಲಿಕೆಯವರು ಮನೆ ಒಡೆದಾಗ, ಕ್ರಯಪತ್ರ, ಬ್ಯಾಂಕ್ ಸಾಲದ ಕಾಗದ ಹಿಡಿದುಕೊಂಡೇ ಜನ ಬೀದಿಯಲ್ಲಿ ನಿಂತಿದ್ದರು. ನೋಂದಣಿ ಆಗಿದೆ ಅಂದ ಮಾತ್ರಕ್ಕೆ ಸರ್ಕಾರಿ ನೆಲ ನಮ್ಮದಾಗುವುದಿಲ್ಲ. ಮಾರಿದವರು ಆ ಹೊತ್ತಿಗೆ ಎಲ್ಲಿರುತ್ತಾರೋ!

ಕಾಲುವೆ ಪಕ್ಕದ ಮೀಸಲು ಜಾಗದ (ಏನೂ ಕಟ್ಟದೆ ಬಿಡಬೇಕಾದ ಅಂಚು, ಆ ನೆಲ ಖಾಸಗಿಯವರದ್ದೂ ಆಗಿರಬಹುದು) ಲೆಕ್ಕವೇ ಬೇರೆ. 2015ರ ನಗರ ಯೋಜನೆಯ ಪ್ರಕಾರ ಕಾಲುವೆಯ ನಡುವಿನಿಂದ ಅಳೆದರೆ ದೊಡ್ಡದಕ್ಕೆ 50, ಮಧ್ಯಮದ್ದಕ್ಕೆ 25, ಸಣ್ಣದಕ್ಕೆ 15 ಮೀಟರ್. ಹಸಿರು ನ್ಯಾಯಮಂಡಳಿ ಇದನ್ನು ಹಿಗ್ಗಿಸಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಹಾಗಾಗಿ ಒಬ್ಬರ ಮನೆ ಮೀಸಲು ಜಾಗದಲ್ಲಿದೆ ಅಂದ ಕೂಡಲೇ ಅದು ಸರ್ಕಾರಿ ನೆಲದ ಒತ್ತುವರಿ ಅಂದುಕೊಳ್ಳಬೇಡಿ.

ನೀವು ಮಾಡಬೇಕಾದ್ದು: ಕಾಂಪೌಂಡ್ ಎದುರು ನಿಂತು ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ನೋಡಿಕೊಳ್ಳಿ. ಅದನ್ನು ನಮೂದಿಸಿ, ಅಳತೆ ಮಾಡಿಸಿ 104ನೇ ಕಲಂ ಅಡಿ ಕ್ರಮ ತೆಗೆದುಕೊಳ್ಳಿ ಎಂದು ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿಯ ಒಂದು ನಕಲು ನಿಮ್ಮ ಪಾಲಿಕೆಯ ರಾಜಕಾಲುವೆ ಎಂಜಿನಿಯರಿಗೂ ಹೋಗಲಿ. ಬರೀ ಫೋಟೊ ಕಳಿಸಿದರೆ ಕಡತವೇ ಹುಟ್ಟುವುದಿಲ್ಲ. ಆದೇಶವಾದ ಮೇಲೂ ಎದುರು ಪಕ್ಷದವರು ತಡೆಯಾಜ್ಞೆ ತಂದಿರಬಹುದು, ವಿಚಾರಿಸಿ.

ಅಷ್ಟರಲ್ಲಿ ಮಳೆಗಾಲ ಬಂದರೆ? ಹೂಳೆತ್ತಲು ಯಾವ ತಹಶೀಲ್ದಾರರ ಆದೇಶವೂ ಬೇಕಿಲ್ಲ. ಅದನ್ನು ಪಾಲಿಕೆಯವರ ಹತ್ತಿರ ಈಗಲೇ ಕೇಳಿ.